ಪಂಚಾಂಗದ ಹಿಂದಿನ ಪುಟದಲ್ಲೊಂದು ಚುಕ್ಕಿ

2024ರ ಜನವರಿ, ಸಂಕ್ರಾಂತಿ ಆಸುಪಾಸು. ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಾಯಿ, ಅಂದ್ರೆ ನನ್ನ ದೊಡ್ಡಮ್ಮ, ಫೋನ್ ಮಾಡಿದ್ಲು. ಅವಳಾಗಿ ಫೋನ್ ಮಾಡೋದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಯಾರ ಮನೇಲಾದ್ರೂ ಮದುವೆ, ಉಪನಯನ ಇದ್ರೆ ಮಾತ್ರ, ಹಾಗಾಗಿ ಹೆಸರು ನೋಡಿದ ತಕ್ಷಣ ನನಗೆ ಎದೆ ಧಸಕ್ ಅಂತು. "ತಂಗಿ, ಟೀವಿ ನೋಡಿದ್ಯನೆ? ವಿಮಾನ ಸಿಕ್ತಡ" ಅಂದ್ಲು. ಯಾವ ವಿಮಾನ ಅಂತ ನನಗೆ ಒಂದು ಕ್ಷಣ ಹೊಳೀಲಿಲ್ಲ. ಆಮೇಲೆ ಗೊತ್ತಾಯ್ತು, 2016ರ ಜುಲೈ 22ಕ್ಕೆ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟು ಬಂಗಾಳ ಕೊಲ್ಲಿ ಮೇಲೆ ಕಾಣೆಯಾಗಿತ್ತಲ್ಲ, ವಾಯುಪಡೆಯ ಎಎನ್-32, ಅದು. ಒಳಗಿದ್ದವರು 29 ಜನ. ಹಡಗು, ವಿಮಾನ, ಸಬ್‌ಮರೀನ್ ಎಲ್ಲಾ ಹುಡುಕಿ ಕೈಚೆಲ್ಲಿ, ಏಳೂವರೆ ವರ್ಷ ಆದ್ಮೇಲೆ ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರು ಇಳಿಸಿದ ಮನುಷ್ಯರಿಲ್ಲದ ನೌಕೆಯೊಂದಕ್ಕೆ ಅದರ ಚೂರುಗಳು ಕಂಡಿದ್ವು, ತೀರದಿಂದ ಸುಮಾರು 310 ಕಿಲೋಮೀಟರ್ ದೂರ, 3,400 ಮೀಟರ್ ಆಳದಲ್ಲಿ.

"ಏಳು ವರ್ಷ ಆದಮೇಲೂ ಸಿಗ್ತಡ. ಜಾಗ ಗೊತ್ತಾತಡ" ಅಂದ್ಲು. ನಾನು ಹೂಂ ಅಂದೆ. ಆ ಕಡೆಯಿಂದ ಒಂದು ನಿಮಿಷ ಮಾತೇ ಇಲ್ಲ, ಹಿಂದೆ ಕುಕ್ಕರ್ ಸೀಟಿ ಹೊಡೀತಾ ಇತ್ತು. ಆಮೇಲೆ ಮಕ್ಕಳಿಗೆ ರಜೆ ಯಾವಾಗ ಅಂತ ಕೇಳಿ ಫೋನ್ ಇಟ್ಲು. ಅವತ್ತಿಂದ ಆ ಮಾತು ನನ್ನ ತಲೆ ಬಿಟ್ಟು ಹೋಗಿಲ್ಲ. ಯಾಕಂದ್ರೆ ಅವಳ ಮಗ ಸಮುದ್ರದಲ್ಲಿ ಹೋಗಿ ಆಗಲೇ ಮೂವತ್ತೈದು ವರ್ಷ ದಾಟಿತ್ತು, ಅಷ್ಟೂ ವರ್ಷ ನಾನು, ನಾನಷ್ಟೇ ಅಲ್ಲ ನಮ್ಮ ಇಡೀ ಕುಟುಂಬ, ದೊಡ್ಡಾಯಿ ಮಗನ ದಾರಿ ಕಾಯ್ತಾ ಇದ್ದಾಳೆ ಅಂತಲೇ ತಿಳ್ಕೊಂಡಿದ್ವಿ. ಅವಳು ಕೇಳಿದ್ದು ಬೇರೇನೋ ಅನ್ನೋದು ಆ ಫೋನ್ ಇಟ್ಟ ಮೇಲೆ ನಿಧಾನಕ್ಕೆ ತಿಳೀತಾ ಬಂತು.

ಹೆಸರು, ತಾರೀಖು, ಯಾವ ವಿಮಾನ, ಯಾವ ಸ್ಕ್ವಾಡ್ರನ್ ಇದೆಲ್ಲ ಬರಿಯಲ್ಲ. ಬರೀಬೇಡ ಅಂತ ದೊಡ್ಡಾಯಿನೇ ಹೇಳಿದ್ದಾಳೆ, ಬರಿ ಅಂತಲೂ ಅವಳೇ ಹೇಳಿದ್ದಾಳೆ. ಹಾಗಾಗಿ ಅವನು ಇಲ್ಲಿ ಬರೀ ಅಣ್ಣ. ಎಂಬತ್ತರ ದಶಕದ ಕೊನೆ, ಕುಮಟಾ ತಾಲ್ಲೂಕಿನ ಒಂದು ಊರು, ಅಷ್ಟು ಸಾಕು.

ಒಂದೂವರೆ ಮುಷ್ಟಿ

ಊರಲ್ಲಿ ಎಲ್ಲರೂ ಅವನನ್ನ ಪೈಲಟ್ ಅಂತಿದ್ರು. ಅವನು ಪೈಲಟ್ ಅಲ್ಲ, ಅಬ್ಸರ್ವರ್. ನೌಕಾಪಡೆಯ ವಿಮಾನದಲ್ಲಿ ವಿಮಾನ ಓಡಿಸೋನು ಒಬ್ಬ ಇದ್ರೆ, ರಡಾರ್ ನೋಡೋದು, ದಿಕ್ಕು ಹೇಳೋದು, ಕೆಳಗೆ ಹೋಗ್ತಿರೋ ಹಡಗು ಯಾವುದು, ಸಬ್‌ಮರೀನ್ ಎಲ್ಲಿ ಅಡಗಿದೆ ಅಂತ ಪತ್ತೆ ಹಚ್ಚೋದು, ಬೇಕಾದಾಗ ಆಯುಧ ಬಳಸೋದು, ಇದೆಲ್ಲ ಅಬ್ಸರ್ವರ್ ಕೆಲಸ. ಕೊಚ್ಚಿಯ ಐಎನ್‌ಎಸ್ ಗರುಡ ನೌಕಾನೆಲೆಯಲ್ಲಿ ಅದಕ್ಕೇ ಬೇರೆ ಶಾಲೆ ಇದೆ. ಅಲ್ಲಿಂದ ಪಾಸಾಗಿ ಎದೆ ಮೇಲೆ ಬಂಗಾರದ ಬಣ್ಣದ ರೆಕ್ಕೆ ಹಚ್ಕೊಂಡು ಮೊದಲ ಸಲ ರಜೆಗೆ ಬಂದಾಗ ದೊಡ್ಡಾಯಿ ಕೇಳಿದ್ಲಂತೆ, ನೀನು ಗಾಡಿ ಹೊಡಿಯೋದಿಲ್ಲ ಅಂದ್ರೆ ಮತ್ತೆಂತ ಮಾಡ್ತೆ ಅಂತ. ಅದಕ್ಕೆ ಅವನು, "ನಾವು ಈಗ ಎಲ್ಲಿದ್ದೀವಿ ಅಂತ ಹೇಳೋದು ನನ್ನ ಕೆಲಸ ಆಯಿ" ಅಂದಿದ್ನಂತೆ. ಈ ಮಾತನ್ನ ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕ ಇಲ್ಲ.

ನನಗೆ ಅವನ ಬಗ್ಗೆ ನೆನಪಿರೋದು ಕಮ್ಮಿ. ನನಗೂ ಅವನಿಗೂ ಹದಿನೇಳು ವರ್ಷದ ಅಂತರ. ಎತ್ತರ, ನಗುವಾಗ ಎಡಗಡೆ ಮಾತ್ರ ಬೀಳೋ ಗುಳಿ, ರಜೆ ಮುಗಿಸಿ ಹೋಗುವಾಗ ನಮ್ಮೆಲ್ಲರ ಕೈಗೆ ಎರಡೆರಡು ರೂಪಾಯಿ ನೋಟು. ಆದ್ರೆ ಒಂದು ರಾತ್ರಿ ಮಾತ್ರ ಪೂರ್ತಿ ನೆನಪಿದೆ. ದೀಪಾವಳಿ ರಜೆ ಇರಬೇಕು, ಯಾಕಂದ್ರೆ ಗದ್ದೆಯಲ್ಲಿ ಭತ್ತ ಹಳದಿಗೆ ತಿರುಗಿತ್ತು. ಕರೆಂಟ್ ಹೋಗಿತ್ತು. ಮಕ್ಕಳೆಲ್ಲ ಸೆಖೆ ತಡೀಲಾರದೆ ಅಂಗಳಕ್ಕೆ ಬಂದ್ವಿ, ಅಣ್ಣ ನನ್ನೊಬ್ಬಳನ್ನೇ ಕರ್ಕೊಂಡು ಗದ್ದೆ ಬದಿಗೆ ಹೋದ, ಅಲ್ಲಿಂದ ಉತ್ತರಕ್ಕೆ ಮರಗಳ ಅಡ್ಡ ಇಲ್ಲ. "ಧ್ರುವ ನಕ್ಷತ್ರ ಎಲ್ಲಿದೆ ತೋರಿಸು" ಅಂದ. ನಾನು ಎಲ್ಲಕ್ಕಿಂತ ಹೊಳೀತಾ ಇದ್ದ ಒಂದನ್ನ ತೋರಿಸಿದೆ. ಅಲ್ಲ ಅಂದ. ಧ್ರುವ ಅಷ್ಟೇನೂ ಹೊಳಿಯೋದಿಲ್ಲ, ಆದ್ರೆ ಅಲುಗಾಡೋದಿಲ್ಲ, ಅದೇ ಅದರ ಗುರುತು. ಆಮೇಲೆ ನನ್ನ ಹಿಂದೆ ಮಂಡಿಯೂರಿ ಕೂತ್ಕೊಂಡು ನನ್ನ ಬಲಗೈ ಪೂರ್ತಿ ಮುಂದೆ ಚಾಚಿಸಿ ಮುಷ್ಟಿ ಕಟ್ಟೋಕೆ ಹೇಳಿದ. ಆಕಾಶ ಗದ್ದೆಗೆ ತಾಗೋ ಗೆರೆ ಮೇಲೆ ಒಂದು ಮುಷ್ಟಿ ಇಡು, ಅದರ ಮೇಲೆ ಅರ್ಧ ಮುಷ್ಟಿ, ಅಲ್ಲಿ ನೋಡು. ಮಂಕಾಗಿ ಒಂದು ಚುಕ್ಕಿ ಇತ್ತು.

ಚಾಚಿದ ಕೈಯ ಒಂದು ಮುಷ್ಟಿ ಅಂದ್ರೆ ಸುಮಾರು ಹತ್ತು ಡಿಗ್ರಿ. ಧ್ರುವ ಎಷ್ಟು ಎತ್ತರದಲ್ಲಿ ಕಾಣತ್ತೋ ನೀನಿರೋ ಜಾಗದ ಅಕ್ಷಾಂಶ ಅಷ್ಟು. ಕುಮಟಾ ಹದಿನಾಲ್ಕೂವರೆ ಡಿಗ್ರಿ ಹತ್ರ ಇದೆ, ಅದಕ್ಕೇ ಒಂದೂವರೆ ಮುಷ್ಟಿ. "ನಾನಿರೋ ಕೊಚ್ಚಿಯಲ್ಲಿ ಒಂದೇ ಮುಷ್ಟಿ. ಕಾಶ್ಮೀರಕ್ಕೆ ಹೋದ್ರೆ ಮೂರು ಮುಷ್ಟಿ ಮೇಲೆ. ಎಲ್ಲಾ ಯಂತ್ರ ಕೆಟ್ಟೋದ್ರೂ ಕೈ ಇದ್ರೆ ಸಾಕು, ಮನೆ ಯಾವ ಸಾಲಲ್ಲಿದೆ ಅಂತ ಗೊತ್ತಾಗತ್ತೆ" ಅಂದ. ಈಗಲೂ ಊರಿಗೆ ಹೋದಾಗ ರಾತ್ರಿ ಅಂಗಳದಲ್ಲಿ ಕೈ ಚಾಚ್ತೀನಿ. ದೊಡ್ಡವಳಾದ ಮೇಲೆ ಮುಷ್ಟಿ ದಪ್ಪ ಆಗಿದೆ, ಕೈಯೂ ಅಷ್ಟೇ ಉದ್ದ ಆಗಿದೆ, ಲೆಕ್ಕ ಮಾತ್ರ ಹಾಗೇ ಇದೆ.

ನಂಬಿದ್ದು ಯಾರಡ

ಮೊದಲು ಬಂದಿದ್ದು ಟೆಲಿಗ್ರಾಂ. ದೊಡ್ಡಪ್ಪ ಶಾಲೆ ಮಾಸ್ತರು, ಇಂಗ್ಲಿಷ್ ಓದ್ತಿದ್ರು. ಮಗ ಇದ್ದ ವಿಮಾನ ಸಮುದ್ರದ ಮೇಲೆ ಹೋಗಿದ್ದು ವಾಪಸ್ ಬಂದಿಲ್ಲ, ಹುಡುಕ್ತಾ ಇದ್ದೀವಿ ಅಂತ ಇತ್ತು. ಯುದ್ಧ ಇರಲಿಲ್ಲ. ಒಂದು ಸಾಮಾನ್ಯ ದಿನ, ಸಾಮಾನ್ಯ ಹಾರಾಟ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಸೈನಿಕ ಹೋದ ಅಂದ ಕೂಡಲೇ ಜನ ಯಾವ ಯುದ್ಧ ಅಂತ ಕೇಳ್ತಾರೆ, ಯಾವ ಯುದ್ಧವೂ ಅಲ್ಲ ಅಂದ್ರೆ ಅವರ ಮುಖದಲ್ಲಿ ಏನೋ ಒಂದು ಇಳಿದು ಹೋಗತ್ತೆ. ನಮ್ಮ ನೌಕಾಪಡೆಯ ವಿಮಾನದವರಲ್ಲಿ ಶಾಂತಿ ಕಾಲದಲ್ಲೇ ಹೋದವರು ಎಷ್ಟೊಂದು ಜನ ಇದ್ದಾರೆ. 1983ರಲ್ಲಿ ಬಂದು 2016ರಲ್ಲಿ ನಿವೃತ್ತಿಯಾದ ಸೀ ಹ್ಯಾರಿಯರ್ ಯುದ್ಧವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತದಲ್ಲೇ ಹೋದ್ವು. 2002ರ ಅಕ್ಟೋಬರ್ 1ಕ್ಕೆ ಗೋವಾದ ದಾಬೋಲಿಂ ವಿಮಾನ ನಿಲ್ದಾಣದ ಮೇಲೆ, ಸ್ಕ್ವಾಡ್ರನ್‌ನ ಇಪ್ಪತ್ತೈದನೇ ವರ್ಷದ ಸಂಭ್ರಮದ ದಿನವೇ, ಎರಡು ಇಲ್ಯೂಷಿನ್-38 ವಿಮಾನ ಗಾಳಿಯಲ್ಲೇ ಡಿಕ್ಕಿ ಹೊಡೆದು ಒಳಗಿದ್ದ ಹನ್ನೆರಡೂ ಜನ ಹೋದ್ರು. ರಾತ್ರಿ ಕತ್ತಲಲ್ಲಿ ಸಮುದ್ರದ ಮೇಲೆ ಕೆಳಮಟ್ಟದಲ್ಲಿ ಹಾರೋದೇ ಒಂದು ಅಪಾಯ, ನೀರು ಎಲ್ಲಿ ಮುಗೀತು ಆಕಾಶ ಎಲ್ಲಿ ಶುರುವಾಯ್ತು ಅಂತ ಕಣ್ಣಿಗೆ ಗೊತ್ತಾಗಲ್ಲ. ಆ ಅಪಾಯಕ್ಕೆ ಯುದ್ಧ ಘೋಷಣೆ ಆಗಬೇಕಂತಿಲ್ಲ.

ಟೆಲಿಗ್ರಾಂ ಬಂದು ಎಂಟೋ ಹತ್ತೋ ದಿನಕ್ಕೆ ಬಿಳಿ ಬಟ್ಟೆಯ ಇಬ್ಬರು ಆಫೀಸರ್‌ಗಳು ಜೀಪಲ್ಲಿ ಬಂದ್ರು. ನಾನು ಆಗ ಐದನೇ ಕ್ಲಾಸು, ಅವತ್ತು ಶಾಲೆಗೆ ಕಳಿಸಿರಲಿಲ್ಲ. ಜಗಲಿ ಮೇಲೆ ಚಾಪೆ ಹಾಸಿದ್ರೂ ಅವರು ತುಂಬಾ ಹೊತ್ತು ಕೂರಲೇ ಇಲ್ಲ, ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತೇ ಇದ್ರು. ಬಂದವರಿಗೆ ಆಸ್ರಿಗೆ ಕೊಡದೆ ಮಾತಿಲ್ಲ ನಮ್ಮ ಕಡೆ. ದೊಡ್ಡಾಯಿ ಒಳಗಿಂದ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಅವರ ಮುಂದಿಟ್ಲು. ಅವಳ ಕೈ ನಡುಗಲಿಲ್ಲ, ನಾನು ನೋಡ್ತಾ ಇದ್ದೆ. ಇಬ್ಬರಲ್ಲಿ ಚಿಕ್ಕವನ ಕೈ ನಡುಗ್ತಾ ಇತ್ತು, ಅವನು ಅಣ್ಣನ ಜೊತೆ ಕಲಿತವನಂತೆ, ನೀರು ಕುಡೀತಾ ಅರ್ಧ ಅಂಗಿ ಮೇಲೆ ಚೆಲ್ಕೊಂಡ. ಹಿರಿಯ ಆಫೀಸರ್ ಇಂಗ್ಲಿಷ್‌ನಲ್ಲಿ ಹೇಳ್ತಾ ಹೋದ್ರು, ದೊಡ್ಡಪ್ಪ ಒಂದೊಂದೇ ವಾಕ್ಯ ಕನ್ನಡಕ್ಕೆ ತಿರುಗಿಸಿ ಹೇಳ್ತಾ ಹೋದ್ರು, ಯಾರದ್ದೋ ಪಾಠ ಓದಿದ ಹಾಗೆ. ಅತ್ತಿಗೆ, ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಬಾಗಿಲ ಹಿಂದೆ ನಿಂತಿದ್ಲು. ಅವಳ ಸೀರೆ ಸೆರಗಿನ ತುದಿ ಮಾತ್ರ ನನಗೆ ಕಾಣ್ತಿತ್ತು.

ಎಲ್ಲಾ ಮುಗಿದ ಮೇಲೆ ದೊಡ್ಡಾಯಿ ಒಂದೇ ಪ್ರಶ್ನೆ ಕೇಳಿದ್ಲು. "ಎಲ್ಲಿ?" ಹಿರಿಯ ಆಫೀಸರ್ ಏನೋ ಡಿಗ್ರಿ, ಮಿನಿಟು ಅಂತ ಅಂಕಿ ಹೇಳಿದ್ರು. ಅವಳು ತಲೆ ಅಲ್ಲಾಡಿಸಿದ್ಲು. "ಹಂಗಲ್ಲ. ತೋರ್ಸಿ." ಆಗ ಆ ಚಿಕ್ಕ ಆಫೀಸರ್ ಪೆನ್ಸಿಲ್ ಕೇಳಿದ, ನಾನು ಓಡಿ ಹೋಗಿ ನನ್ನ ಪಾಟಿಚೀಲದಿಂದ ಪೆನ್ಸಿಲ್ ತಂದೆ, ಹಿಂಬದಿ ಕಚ್ಚಿ ಕಚ್ಚಿ ಹಾಳಾಗಿತ್ತು, ಕೊಡೋಕೆ ನಾಚಿಕೆ ಆಯ್ತು. ಕಾಗದಕ್ಕೆ ಹುಡುಕಾಡಿದ್ರು. ಉಗಾದಿಗೆ ಹದಿನೈದು ದಿನ ಇತ್ತು, ಆ ವರ್ಷದ ಪಂಚಾಂಗ ಜಗಲಿ ಗೂಡಲ್ಲಿತ್ತು, ಅದರ ಕೊನೆ ಪುಟದ ಹಿಂದೆ ಖಾಲಿ. ಅವನು ನೆಲದ ಮೇಲೆ ಮಂಡಿಯೂರಿ ಕೂತು ಅದರ ಮೇಲೆ ಕರಾವಳಿ ಬರೆದ. ನಾನು ಶಾಲೆಯಲ್ಲಿ ಕರ್ನಾಟಕದ ನಕ್ಷೆ ಬರೆದವಳು, ಕರಾವಳಿ ಅಂದ್ರೆ ಒಂದು ಓರೆ ಗೆರೆ ಅಂತ ತಿಳಿದವಳು. ಅವನು ಬರೆದ ಗೆರೆಯಲ್ಲಿ ಕಾಳಿ ನದಿ ಬಾಯಿ ಇತ್ತು, ಗಂಗಾವಳಿ ಇತ್ತು, ಅಘನಾಶಿನಿ ಒಳಗೆ ಹೊಕ್ಕು ಅಗಲ ಆಗೋದು ಇತ್ತು, ಶರಾವತಿ ಇತ್ತು. ಎಲ್ಲೂ ಪೆನ್ಸಿಲ್ ಎತ್ತಲಿಲ್ಲ. ಆಮೇಲೆ ಎತ್ತಿದ. ಗೆರೆಯಿಂದ ಎಡಕ್ಕೆ, ಖಾಲಿ ಬಿಳಿ ಜಾಗದಲ್ಲಿ, ಒಂದು ಚುಕ್ಕಿ ಇಟ್ಟ. ದೊಡ್ಡಾಯಿ ಬಗ್ಗಿ ನೋಡಿ, ಕುಮಟಾ ಎಲ್ಲಿ ಅಂತ ಕೇಳಿದ್ಲು. ಅದಕ್ಕೂ ಒಂದು ಚುಕ್ಕಿ ಇಟ್ಟು ತೋರಿಸಿದ. ಎರಡು ಚುಕ್ಕಿಗಳ ನಡುವೆ ಅವಳು ಹೆಬ್ಬೆರಳು, ತೋರುಬೆರಳು ಅಗಲಿಸಿ ಇಟ್ಟು ನೋಡಿದ್ಲು, ಪಂಚಾಂಗ ಎತ್ಕೊಂಡು ಒಳಗೆ ಹೋದ್ಲು.

ಕೆಲವು ತಿಂಗಳಾದ ಮೇಲೆ ಕಾಗದ ಬಂತು. ಕಾಣೆಯಾಗಿದ್ದಾರೆ, ಮೃತಪಟ್ಟಿದ್ದಾರೆಂದು ನಂಬಲಾಗಿದೆ. ದೊಡ್ಡಪ್ಪ ಕನ್ನಡಕ್ಕೆ ತಿರುಗಿಸಿ ಓದಿದ್ರು. "ನಂಬಿದ್ದು ಯಾರಡ?" ಅಂತ ಕೇಳಿದ್ಲು ದೊಡ್ಡಾಯಿ. ಅದು ಸಿಟ್ಟಿನ ಪ್ರಶ್ನೆ ಅಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ್ದು. ಯಾರೋ ಒಬ್ಬ ಮನುಷ್ಯ ನಂಬಿರಬೇಕಲ್ಲ, ಅವನು ಯಾರು, ಏನು ಕಂಡು ನಂಬಿದ. ದೊಡ್ಡಪ್ಪನ ಹತ್ರ ಉತ್ತರ ಇರಲಿಲ್ಲ.

ಇಲ್ಲಿ ನಮ್ಮ ಮನೆಮಾತಿನ ವಿಷಯ ಹೇಳದೆ ಮುಂದೆ ಹೋಗೋಕಾಗಲ್ಲ. ನಮ್ಮ ಹವ್ಯಕ ಕನ್ನಡದಲ್ಲಿ ನಾವೇ ಕಣ್ಣಾರೆ ಕಾಣದ್ದಕ್ಕೆಲ್ಲ ಕೊನೆಗೆ 'ಅಡ' ಅಂತ ಸೇರಿಸ್ತೀವಿ, ಉಳಿದವರು 'ಅಂತೆ' ಅನ್ನೋ ಹಾಗೆ. ಮಳೆ ಬಂತಡ, ಮದುವೆ ಆತಡ. ದೊಡ್ಡಾಯಿ ಮಗನ ಬಗ್ಗೆ ಯಾರೇ ಕೇಳಿದ್ರೂ ಮೂವತ್ತೈದು ವರ್ಷವೂ ಹೇಳಿದ್ದು ಒಂದೇ, "ಹೋದ್ನಡ". ಒಮ್ಮೆಯೂ "ಹೋದ" ಅಂದಿದ್ದು ನಾನು ಕೇಳಿಲ್ಲ. ಅದನ್ನ ಕೇಳಿ ಕೇಳಿಯೇ ನಾವೆಲ್ಲ ಅವಳು ಒಪ್ಪಿಕೊಂಡಿಲ್ಲ, ಕಾಯ್ತಾ ಇದ್ದಾಳೆ ಅಂದ್ಕೊಂಡಿದ್ದು. ಮತ್ತೊಂದಿದೆ. ನಮ್ಮಲ್ಲಿ "ಅಂವ ಇದ್ದ" ಅಂದ್ರೆ ಅವನು ಈಗ ಇದಾನೆ ಅಂತ. ಹಿಂದೆ ಇದ್ದ ಅನ್ನೋಕೆ "ಇದ್ದಿದ್ದ" ಅನ್ಬೇಕು. ನಾನು ಬೆಂಗಳೂರಿಗೆ ಬಂದ ಮೊದಲ ವರ್ಷ ಹಾಸ್ಟೆಲ್‌ನಲ್ಲಿ ಒಬ್ಬಳು ನಿನ್ನ ತಮ್ಮ ಎಲ್ಲಿ ಅಂತ ಕೇಳಿದ್ಲು, ನಾನು ಊರಲ್ಲಿದ್ದ ಅಂದೆ, ಅವಳು ನನ್ನ ಕೈ ಹಿಡ್ಕೊಂಡು ಏನಾಗಿತ್ತು ಪಾಪ ಅಂದ್ಲು. ಒಂದೇ ಭಾಷೆಯೊಳಗೇ ಇರೋದಕ್ಕೂ ಇಲ್ಲದ್ದಕ್ಕೂ ಇಷ್ಟೇ ದೂರ.

ಗೋಕರ್ಣ

ಸಮುದ್ರ ಕೆಲವರನ್ನ ಬೇಗ ಕೊಡತ್ತೆ. 2015ರ ಮಾರ್ಚ್ 24ರ ರಾತ್ರಿ ಗೋವಾದಿಂದ ಹೊರಟ ನೌಕಾಪಡೆಯ ಡಾರ್ನಿಯರ್ ಸಮುದ್ರಕ್ಕೆ ಬಿತ್ತಲ್ಲ, ಅದರಲ್ಲಿದ್ದ ಮೂವರಲ್ಲಿ ಒಬ್ಬ ಅಧಿಕಾರಿಯನ್ನ ಮೀನು ಹಿಡಿಯೋರೇ ಎತ್ತಿ ಉಳಿಸಿದ್ರು. ಲೆಫ್ಟಿನೆಂಟ್ ಕಿರಣ್ ಶೇಖಾವತ್ ದೇಹ ಎರಡು ದಿನ ಆದ್ಮೇಲೆ ಸಿಕ್ತು. ಅವಳೂ ಅಬ್ಸರ್ವರ್, ಕರ್ತವ್ಯದಲ್ಲಿದ್ದಾಗ ಪ್ರಾಣ ಬಿಟ್ಟ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ. ಎರಡು ತಿಂಗಳ ಹಿಂದಷ್ಟೇ ಜನವರಿ 26ರ ಪರೇಡ್‌ನಲ್ಲಿ ಹೆಜ್ಜೆ ಹಾಕಿದ್ಲು. 2020ರ ನವೆಂಬರ್ 26ಕ್ಕೆ ಬಿದ್ದ ಮಿಗ್-29ಕೆ ವಿಮಾನದ ಕಮಾಂಡರ್ ನಿಶಾಂತ್ ಸಿಂಗ್ ಅವರ ದೇಹ ಸಿಗೋಕೆ ಹನ್ನೊಂದು ದಿನ ಬೇಕಾಯ್ತು. ಆ ಹನ್ನೊಂದು ದಿನವೂ ದೊಡ್ಡಾಯಿ ಟೀವಿ ಮುಂದಿಂದ ಎದ್ದಿರಲಿಲ್ಲ ಅಂತ ತಮ್ಮ ಹೇಳಿದ್ದ. ಇನ್ನು ಕೆಲವರನ್ನ ಸಮುದ್ರ ಕೊಡೋದೇ ಇಲ್ಲ. 1971ರ ಡಿಸೆಂಬರ್ 9ಕ್ಕೆ ಯುದ್ಧನೌಕೆ ಐಎನ್‌ಎಸ್ ಖುಕ್ರಿ ದೀವ್ ಹತ್ರ ಮುಳುಗಿತು, 18 ಅಧಿಕಾರಿಗಳು 176 ನಾವಿಕರು. ಮರುದಿನವೇ ಆಲಿಝೆ ವಿಮಾನವೊಂದನ್ನ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಹೊಡೆದುರುಳಿಸಿತು, ಅದರಲ್ಲಿದ್ದ ಮೂವರೂ ವಾಪಸ್ ಬರಲಿಲ್ಲ. ಅಷ್ಟೂ ಮನೆಗಳಲ್ಲಿ ಒಂದೊಂದು ಪಂಚಾಂಗ ಇರಬಹುದು ಅನ್ಸತ್ತೆ ನನಗೆ.

ನಮ್ಮ ಊರಿಂದ ಗೋಕರ್ಣಕ್ಕೆ ಬಸ್ಸಲ್ಲಿ ಹೆಚ್ಚು ಹೊತ್ತು ಬೇಡ. ಎಲ್ಲೆಲ್ಲಿಂದಲೋ ಜನ ಸತ್ತವರ ಕಾರ್ಯ ಮಾಡೋಕೆ ಅಲ್ಲಿಗೆ ಬರ್ತಾರೆ. ದೇಹ ಸಿಗದವರಿಗೂ ಅಲ್ಲಿ ದಾರಿ ಇದೆ. ಹನ್ನೆರಡು ವರ್ಷ ಕಾಯ್ಬೇಕು, ಆಮೇಲೆ ಮುತ್ತುಗದ ಎಲೆತೊಟ್ಟು 360 ಜೋಡಿಸಿ ಮನುಷ್ಯನ ಆಕಾರ ಮಾಡಿ, ತಲೆ ಜಾಗಕ್ಕೆ ತೆಂಗಿನಕಾಯಿ ಇಟ್ಟು, ಅದಕ್ಕೆ ಸಂಸ್ಕಾರ. ಸರ್ಕಾರದ ಕಾನೂನಿಗೆ ಏಳು ವರ್ಷ ಸಾಕು, ಶಾಸ್ತ್ರಕ್ಕೆ ಹನ್ನೆರಡು. ಹನ್ನೆರಡು ತುಂಬಿದ ವರ್ಷ ದೊಡ್ಡಪ್ಪ ಹಠ ಹಿಡಿದ್ರು. ಅವರಿಗೆ ಆಗಲೇ ಹೃದಯದ ತೊಂದರೆ ಶುರುವಾಗಿತ್ತು, ನಾನು ಹೋದ್ಮೇಲೆ ಅವನಿಗೆ ಯಾರು ಮಾಡ್ತಾರೆ ಅನ್ನೋದೊಂದೇ ಅವರ ಮಾತು. ದೊಡ್ಡಾಯಿ ಬೇಡ ಅನ್ನಲಿಲ್ಲ, ನಾನು ಬರಲ್ಲ ಅಂದ್ಲು ಅಷ್ಟೇ. ಅಪ್ಪ ಮಗನಿಗೆ ಮಾಡೋ ಕಾರ್ಯ, ಅದರಷ್ಟು ಉಲ್ಟಾ ಕೆಲಸ ಇನ್ನೊಂದಿಲ್ಲ. ದೊಡ್ಡಪ್ಪ ಮಂತ್ರದ ನಡುವೆ ಮಗನ ಹೆಸರು ಹೇಳ್ಬೇಕಾದ ಕಡೆ ಮೂರು ಸಲ ನಿಂತ್ರು. ಮನೆಗೆ ಬರೋ ಹೊತ್ತಿಗೆ ದೊಡ್ಡಾಯಿ ಎಲ್ಲಾ ಅಡಿಗೆ ಮಾಡಿಟ್ಟಿದ್ಲು, ವಡೆ, ಸುಟ್ಟೇವು, ಪಾಯಸ, ಒಂದೂ ಬಿಟ್ಟಿರಲಿಲ್ಲ. ಬಡಿಸಿದ್ಲು. ಯಾರೂ ಏನೂ ಮಾತಾಡಲಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ ದೊಡ್ಡಪ್ಪ ಹೋದ್ರು.

ಅದಕ್ಕೂ ಎಷ್ಟೋ ಮುಂಚೆ, ಅಣ್ಣ ಹೋಗಿ ಮೂರನೇ ವರ್ಷಕ್ಕೇ, ದೊಡ್ಡಾಯಿ ಅತ್ತಿಗೆಗೆ ಇನ್ನೊಂದು ಮದುವೆ ಮಾಡಿಸಿದ್ಲು. ಮಾಡಿಸಿದ್ಲು ಅಂದ್ರೆ ಅಕ್ಷರಶಃ ಅವಳೇ, ತಾನೇ ಸಂಬಂಧ ಹುಡುಕಿ, ಅತ್ತಿಗೆಯ ತವರಿನವರನ್ನೂ ತಾನೇ ಹೋಗಿ ಒಪ್ಪಿಸಿ. ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಅದು ಸಣ್ಣ ವಿಷಯ ಅಲ್ಲ, ಜನ ಬಾಯಿಗೆ ಬಂದ ಹಾಗೆ ಆಡಿಕೊಂಡ್ರು. ನನಗೆ ಆಗ ಅರ್ಥವೇ ಆಗಿರಲಿಲ್ಲ. ಮಗ ಬರ್ತಾನೆ ಅಂತ ಕಾಯೋಳು ಸೊಸೆಗೆ ಬೇರೆ ಮದುವೆ ಯಾಕೆ ಮಾಡಿಸ್ತಾಳೆ? ಎಷ್ಟೋ ವರ್ಷ ಈ ಎರಡನ್ನೂ ಜೋಡಿಸೋಕೆ ನನಗಾಗಲಿಲ್ಲ. ಜೋಡಿಸೋಕೆ ಏನೂ ಇರಲೇ ಇಲ್ಲ ಅಂತ ಈಗ ಕಾಣತ್ತೆ. ಅವಳು ಕಾಯ್ತಾ ಇರಲೇ ಇಲ್ಲ. ಮಗ ಬತ್ನಿಲ್ಲೆ ಅನ್ನೋದು ಅವಳಿಗೆ ಆ ಬಿಳಿ ಬಟ್ಟೆಯವರು ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಾಗಲೇ ಗೊತ್ತಾಗಿತ್ತು. ಅತ್ತಿಗೆ ಈಗಲೂ ಪ್ರತಿ ವರ್ಷ ಬರ್ತಾಳೆ, ಅವಳ ಮಕ್ಕಳು ದೊಡ್ಡಾಯಿಗೆ ಅಜ್ಜಿ ಅಂತಾರೆ, ಅವಳ ಗಂಡ ತೋಟದ ಕೊಳೆಔಷಧಿ ಹೊಡೆಸೋದರಿಂದ ಹಿಡಿದು ಬ್ಯಾಂಕಿನ ಕೆಲಸದವರೆಗೆ ಎಲ್ಲಾ ನೋಡ್ಕೋತಾನೆ. ಅವನ ಬಗ್ಗೆ ಬರಿಯೋಕೆ ಬೇರೆಯದೇ ಒಂದು ಬರಹ ಬೇಕು.

ಹದಿನೆಂಟು ಇಂಚು

ದೊಡ್ಡಪ್ಪ ಹೋದ ಮಾರನೇ ವರ್ಷ ದೊಡ್ಡಾಯಿನ ನಾನು ಗೋವಾಕ್ಕೆ ಕರ್ಕೊಂಡು ಹೋಗಿದ್ದೆ. ದೇವಸ್ಥಾನಗಳಿಗೆ ಅಂತ ಹೊರಟಿದ್ದು. ಕುಮಟಾದಲ್ಲಿ ಟ್ರೈನ್ ಹತ್ತಿ ಮಡಗಾಂವ್‌ನಲ್ಲಿ ಇಳಿದ ಮೇಲೆ ಅವಳೇ ಕೇಳಿದ್ಲು, ಇಲ್ಲೆಲ್ಲೋ ವಿಮಾನ ನಿಲ್ಲಿಸಿಟ್ಟಿದ್ವಡ, ತೋರಿಸ್ತ್ಯನೆ ಅಂತ. ಬೋಗ್ಮಾಲೊದ ನೌಕಾ ವಿಮಾನ ಮ್ಯೂಸಿಯಂ, 1998ರಲ್ಲಿ ಶುರುವಾಗಿದ್ದು. ಬಯಲಲ್ಲಿ ಸಾಲಾಗಿ ಹಳೇ ವಿಮಾನಗಳು, ಮೊದಲ ವಿಕ್ರಾಂತ್ ಹಡಗಿಂದ ಹಾರ್ತಿದ್ದ ಸೀ ಹಾಕ್, ಆಲಿಝೆ, ಎಲ್ಲಕ್ಕಿಂತ ದೊಡ್ಡದು ಸೂಪರ್ ಕಾನ್‌ಸ್ಟೆಲೇಷನ್. ಪಕ್ಕದಲ್ಲೇ ದಾಬೋಲಿಂ, ಹತ್ತು ನಿಮಿಷಕ್ಕೊಂದು ಜೀವಂತ ವಿಮಾನ ತಲೆ ಮೇಲೆ ಹೋಗ್ತಿತ್ತು. ಬೇರೆ ಜನ ಫೋಟೋ ತೆಗೀತಾ ಇದ್ರು. ದೊಡ್ಡಾಯಿ ಬಿಸಿಲಲ್ಲಿ ಸೆರಗು ತಲೆ ಮೇಲೆ ಎಳ್ಕೊಂಡು ಒಂದೊಂದರ ಮುಂದೂ ನಿಂತು ರೆಕ್ಕೆ ನೋಡ್ಲಿಲ್ಲ, ಬಾಲ ನೋಡ್ಲಿಲ್ಲ, ಮೇಲೆ ಗಾಜಿನ ಮುಚ್ಚಳ ಇರೋ ಕೂರೋ ಜಾಗ ಮಾತ್ರ ನೋಡ್ತಾ ಹೋದ್ಲು.

ಅವಳು ಹೊಲಿಗೆ ಮಾಡೋಳು. ಊರ ಅರ್ಧ ಮಕ್ಕಳ ಯೂನಿಫಾರಂ ಅವಳ ಮಷಿನ್ನಲ್ಲೇ ಹೊಲಿದಿದ್ದು, ಅಣ್ಣ ಕಾಲೇಜಿಗೆ ಹೋಗೋವರೆಗೂ ಅಂಗಡಿ ಅಂಗಿ ಹಾಕಿದ್ದೇ ಇಲ್ಲ. ಟೇಪ್ ಇಲ್ಲದೆ ಕಣ್ಣಲ್ಲೇ ಅಳತೆ ಹೇಳ್ತಿದ್ಲು, ಅರ್ಧ ಇಂಚು ತಪ್ಪಿದ್ದು ನಾನು ನೋಡಿಲ್ಲ. ಒಂದು ವಿಮಾನದ ಮುಂದೆ ಅವಳು ತುಂಬಾ ಹೊತ್ತು ನಿಂತ್ಲು. ಅದು ಅಣ್ಣನ ವಿಮಾನ ಹೌದೋ ಅಲ್ವೋ ಅನ್ನೋದು ಇಲ್ಲಿ ಬೇಡ. ಕಣ್ಣು ಸಣ್ಣ ಮಾಡಿ, ಗಾಳಿಯಲ್ಲಿ ಎರಡೂ ಅಂಗೈ ಎದುರುಬದುರು ಹಿಡಿದು ಆ ಗಾಜಿನ ಕೆಳಗಿನ ಅಗಲಕ್ಕೆ ಹೊಂದಿಸಿದ್ಲು. ಆ ಕೈಗಳನ್ನ ಹಾಗೇ ಇಟ್ಕೊಂಡೇ ನನ್ನ ಕಡೆ ತಿರುಗಿದ್ಲು. "ಹದಿನೆಂಟು ಇಂಚು ಅವನ ಭುಜ. ಹಿಡೀತಿತ್ತು. ಇಕ್ಕಟ್ಟು ಆಗ್ತಿರ್ಲಿಲ್ಲೆ" ಅಂದ್ಲು. ಅದನ್ನ ಹೇಳುವಾಗ ಅವಳ ಮುಖದಲ್ಲಿ ಕಂಡಿದ್ದು ಸಮಾಧಾನ, ಬೇರೆ ಹೆಸರು ನನಗೆ ಗೊತ್ತಿಲ್ಲ. ಹದಿನೇಳು ವರ್ಷದಿಂದ ಅವಳು ಅದೊಂದನ್ನೂ ಯೋಚನೆ ಮಾಡ್ತಾ ಇದ್ದಳು, ಮಗ ಕೊನೇ ಹೊತ್ತಲ್ಲಿ ಕೂತಿದ್ದ ಜಾಗ ಅವನ ಭುಜಕ್ಕೆ ಸಾಕಾಗ್ತಿತ್ತಾ ಅಂತ. ನಾವು ಯಾರೂ ಅವಳನ್ನ ಏನು ಯೋಚನೆ ಮಾಡ್ತೀಯ ಅಂತ ಕೇಳಿರಲಿಲ್ಲ, ಕೇಳಿದ್ರೆ ಅಳ್ತಾಳೆ ಅಂತ ಹೆದರಿ ಸುಮ್ಮನಿದ್ವಿ. ಅವಳ ದುಃಖಕ್ಕಿಂತ ನಮ್ಮ ಹೆದರಿಕೆ ದೊಡ್ಡದಾಗಿತ್ತು. ಇದು ನನಗೆ ಇವತ್ತಿಗೂ ಚುಚ್ಚೋ ವಿಷಯ.

ಚುಕ್ಕಿ

ಎಎನ್-32 ಸುದ್ದಿ ಬಂದ ಮೇಲೆ ಏಪ್ರಿಲ್ ರಜೆಗೆ ಮಕ್ಕಳನ್ನ ಕರ್ಕೊಂಡು ಊರಿಗೆ ಹೋದೆ. ಹೋಗೋಕೆ ಮುಂಚೆ ಒಂದಿಷ್ಟು ಓದಿದ್ದೆ. ನಮ್ಮ ಕರಾವಳಿ ಪಕ್ಕ ಸಮುದ್ರ ಎಷ್ಟೋ ದೂರದವರೆಗೆ ಆಳ ಕಮ್ಮಿಯೇ ಇರತ್ತೆ, ಆಮೇಲೆ ಒಂದು ಅಂಚು ಬರತ್ತೆ, ಅದು ದಾಟಿದ್ರೆ ನೆಲ ಇಳಿಜಾರಾಗಿ ಸಾವಿರ, ಎರಡು ಸಾವಿರ ಮೀಟರ್ ಕೆಳಗೆ ಹೋಗತ್ತೆ. ನೀರಿಗೆ ಬಿದ್ದ ವಿಮಾನದ ಬ್ಲ್ಯಾಕ್ ಬಾಕ್ಸ್ ಪೆಟ್ಟಿಗೆ ಸದ್ದು ಮಾಡೋದು ಒಂದರಿಂದ ಮೂರು ತಿಂಗಳು, ಬ್ಯಾಟರಿ ಮುಗಿದ್ರೆ ಅದೂ ಮೌನ. ಅಷ್ಟರೊಳಗೆ ಸಿಗಲಿಲ್ಲ ಅಂದ್ರೆ ಮತ್ತೆ ಯಾರಾದ್ರೂ ಸೋನಾರ್ ಹಿಡ್ಕೊಂಡು ಸಾಲು ಹಚ್ಚಿ ಉಳೋ ಹಾಗೆ ಸಮುದ್ರದ ತಳ ಪೂರ್ತಿ ಕೆದಕಬೇಕು. ಅಣ್ಣನ ವಿಷಯದಲ್ಲಿ ಯಾರೂ ಇನ್ನು ಅದನ್ನ ಮಾಡಲ್ಲ. ಇದನ್ನೆಲ್ಲ ಅವಳಿಗೆ ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸ್ತಾ ಹೋಗಿದ್ದೆ. ಅವಳು ಕೇಳಲೇ ಇಲ್ಲ. ಊಟ ಆದ ಮೇಲೆ ಟ್ರಂಕ್ ಎಳೆಯೋಕೆ ಹೇಳಿದ್ಲು.

ಪಂಚಾಂಗ ಹಳೇ ಪಂಚೆಯೊಂದರಲ್ಲಿ ಸುತ್ತಿಟ್ಟಿತ್ತು. ಕಾಗದ ಅಡಿಕೆ ಸಿಪ್ಪೆ ಬಣ್ಣಕ್ಕೆ ತಿರುಗಿತ್ತು, ಮಡಿಕೆ ಇದ್ದಲ್ಲಿ ಹರಿದು ಯಾವಾಗಲೋ ನೂಲು ಹಾಕಿ ಹೊಲಿದಿದ್ಲು. ಕೊನೇ ಪುಟ ತಿರುವಿದ್ರೆ ಕರಾವಳಿ ಇನ್ನೂ ಕಾಣ್ತಿತ್ತು, ಅಲ್ಲಲ್ಲಿ ಮಾತ್ರ. ಅಘನಾಶಿನಿ ಬಾಯಿ ಸ್ಪಷ್ಟ ಇತ್ತು, ಕುಮಟಾದ ಚುಕ್ಕಿ ಇತ್ತು. ಎಡಗಡೆ ಬಿಳಿ ಜಾಗದಲ್ಲಿ ಏನೂ ಇರಲಿಲ್ಲ. ಪೆನ್ಸಿಲ್ ಅಲ್ವಾ, ಬೆರಳು ತಾಗಿ ತಾಗಿ ಅಳಿಸಿ ಹೋಗಿತ್ತು. ಆ ಜಾಗದ ಕಾಗದ ಮಾತ್ರ ಉಳಿದದ್ದಕ್ಕಿಂತ ನುಣುಪಾಗಿತ್ತು, ಸ್ವಲ್ಪ ಮಿಂಚ್ತಾ ಇತ್ತು. "ನೀ ಮತ್ತೊಂದ್ಸಲ ಹಾಕಿಕೊಡು, ಯಂಗೆ ಕಣ್ಣು ಕಾಣ್ತಿಲ್ಲೆ" ಅಂದ್ಲು. ಅವಳಿಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿ ವರ್ಷಗಳಾಗಿವೆ, ದೂರದ್ದು ಸರಿ ಕಾಣತ್ತೆ, ಹತ್ರದ್ದು ಅಷ್ಟಕ್ಕಷ್ಟೆ.

ಮಗಳ ಪೆನ್ಸಿಲ್ ತಗೊಂಡು ಕಿಟಕಿ ಹತ್ರ ಹೋದೆ. ಕಾಗದ ಬೆಳಕಿಗೆ ಹಿಡಿದು ನೋಡಿದೆ, ಓರೆ ಮಾಡಿ ನೋಡಿದೆ, ಫೋನಿನ ಟಾರ್ಚ್ ಹಾಕಿ ನೋಡಿದೆ. ಆ ಆಫೀಸರ್ ಒತ್ತಿ ಇಟ್ಟಿದ್ದ ತಗ್ಗು ಎಲ್ಲಾದ್ರೂ ಉಳಿದಿರಬಹುದು ಅಂತ ಬೆರಳಾಡಿಸಿದೆ. ಇಲ್ಲಿರಬಹುದು ಅನ್ನಿಸ್ತು, ಅಲ್ಲ ಇನ್ನೂ ಸ್ವಲ್ಪ ಉತ್ತರಕ್ಕೆ ಅನ್ನಿಸ್ತು. ಒಂದು ಕಾಳು ಅಗಲ ಆಚೀಚೆ ಆದ್ರೂ ಅಲ್ಲಿ ಎಷ್ಟು ಕಿಲೋಮೀಟರ್ ನೀರು. ನನ್ನ ಕೈ ಓಡಲಿಲ್ಲ. ಹಾಗೇ ವಾಪಸ್ ಬಂದು ಅವಳ ಪಕ್ಕ ಕೂತೆ.

ದೊಡ್ಡಾಯಿ ನನ್ನ ಕೈಯಿಂದ ಪೆನ್ಸಿಲ್ ತಗೊಂಡ್ಲು. ಕಾಗದದ ಕಡೆ ನೋಡ್ಲೂ ಇಲ್ಲ, ಎಡಗೈ ತೋರುಬೆರಳನ್ನ ಕುಮಟಾದ ಮೇಲಿಟ್ಲು, ಹೆಬ್ಬೆರಳನ್ನ ಪೂರ್ತಿ ಅಗಲಿಸಿದ್ಲು, ಹೆಬ್ಬೆರಳಿನ ಉಗುರು ಎಲ್ಲಿ ಮುಗೀತೋ ಅಲ್ಲಿ ಪೆನ್ಸಿಲ್ ಮೊನೆ ಒತ್ತಿದ್ಲು.

"ಇಲ್ಲಿದ್ದ" ಅಂದ್ಲು.